ಅಮ್ಮ ಬಾಗಿಲು ಹಾಕಿದ ಮಧ್ಯಾಹ್ನ

ನನ್ನ ಎಡಪಾದ ಉರಿಯಲು ಹಿಡಿದು ಏಳು ವರ್ಷ ದಾಟಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ. ನೋವು ಹೋಯಿತೆಂದು ಹೇಳಲು ನಾನು ಕಡತ ಬಿಚ್ಚಿ ಕೂತಿಲ್ಲ. ಕಾಳಮ್ಮನ ಒಕ್ಕಲಿನವರಾದ ನೀವು ಇದನ್ನು ಮೊದಲೇ ತಿಳಿದುಕೊಂಡು ಮುಂದೆ ಓದಬೇಕು. ಹಾಗಾದರೆ ಅಮ್ಮ ಕೊಟ್ಟದ್ದೇನು ಎಂದು ಕೇಳುವವರಿಗಾಗಿಯೇ ಬರೆಯುತ್ತಿದ್ದೇನೆ.

ನಾನು ನಾಗಮಂಗಲದ ಎರಕದ ಮನೆತನದವನು. ಹಿರೋಡೆಯಲ್ಲಿ ಗುರುಗಳ ಮನೆಯಲ್ಲಿದ್ದು ಆರು ವರ್ಷ ಶಿಲ್ಪಶಾಸ್ತ್ರವನ್ನೂ ಸಂಸ್ಕೃತವನ್ನೂ ಓದಿದವನು. ಮೇಣದಲ್ಲಿ ಮೂರ್ತಿ ಮಾಡಿ, ಅದಕ್ಕೆ ಮಣ್ಣು ಮೆತ್ತಿ ಒಣಗಿಸಿ, ಸುಟ್ಟು ಮೇಣವನ್ನು ಕರಗಿಸಿ ತೆಗೆದು, ಆ ಟೊಳ್ಳಿಗೆ ಕಾದ ಲೋಹ ಹೊಯ್ಯುವುದು ನಮ್ಮ ಕಸುಬು. ಮಣ್ಣಿನ ಅಚ್ಚಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಲೋಹ ಹೊಯ್ದವನ ಮೇಲೇ ತಿರುಗಿ ಸಿಡಿಯುತ್ತದೆ. ಇದು ನಮ್ಮ ಕೇರಿಯ ಹಸುಳೆಗೂ ಗೊತ್ತು. ನನಗೆ ಶ್ಲೋಕ ಸಮೇತ ಗೊತ್ತಿತ್ತು.

ವಿರೋಧಿಕೃತು ಸಂವತ್ಸರದ ಮಾಘಮಾಸ. ಕಾವೇರಿಯ ನಡುವಿನ ಪಟ್ಟಣದ ಕೋಟೆಗೆ ಮುತ್ತಿಗೆ ಬಿದ್ದಿತ್ತು. ದಕ್ಷಿಣದಿಂದ ಗಾಳಿ ಬೀಸಿದಾಗ ಫಿರಂಗಿಯ ಸದ್ದು ನಮ್ಮ ಜಗಲಿಯವರೆಗೂ ಬರುತ್ತಿತ್ತು. ಅಮ್ಮನ ಉತ್ಸವಮೂರ್ತಿ ಮಾಡಿಸಬೇಕೆಂದು ಕೇರಿಯ ಒಂದೊಂದು ಮನೆಯೂ ಚೊಂಬು, ದೀಪ, ಹಳೆಯ ತಪ್ಪಲೆ ತಂದು ಕೊಟ್ಟಿತ್ತು. ಅದೆಲ್ಲ ನನ್ನ ಕುಲುಮೆಯ ಮೂಸೆಯಲ್ಲಿ ಕರಗಿ ಕೂತಿತ್ತು. ಅಚ್ಚು ಸುಟ್ಟಾಗಿತ್ತು, ಆದರೆ ಒಳಗಿನ ಮಣ್ಣು ಇನ್ನೊಂದು ದಿನದ ಬೆಂಕಿ ಕೇಳುತ್ತಿತ್ತು. ಆಗ ನನ್ನ ಭಾವಮೈದ ಪುಟ್ಟಾಚಾರಿ ಏದುಸಿರು ಬಿಡುತ್ತ ಓಡಿಬಂದ.

"ಬಾವ, ದಂಡು ದೇವಲಾಪುರದ ತಾವ ಬಂದದಂತೆ! ಈ ಕಂಚು ಕಂಡ್ರೆ ಒತ್ಕೊಂಡೋಯ್ತಾರೆ. ಈಗ್ಲೇ ಉಯ್ದ್ಬುಡು. ಅಚ್ಚನ್ನ ಇತ್ಲಲ್ಲಿ ಊತಾಕಿ ಓಡೋಣ. ಮಣ್ಣೆಂಟೇನ ಯಾರು ಮುಟ್ಟಾರು?"

ಅಚ್ಚಿನ ಬಾಯಿಗೆ ತಣ್ಣನೆಯ ಕಂಚಿನ ತಟ್ಟೆ ಹಿಡಿದು ನೋಡುವುದು ನಮ್ಮಲ್ಲಿ ರೂಢಿ. ಒಳಗೆ ತೇವವಿದ್ದರೆ ತಟ್ಟೆಯ ಮೇಲೆ ಹನಿ ಕೂರುತ್ತದೆ. ನನ್ನ ಹೆಂಡತಿ ಗೌರಮ್ಮ ತಟ್ಟೆ ಹಿಡಿದು, ತಿರುಗಿಸಿ ನೋಡಿ, "ತಟ್ಟೆ ಬೆವರ್ತಾ ಅದೆ ಕಣ್ರೀ" ಎಂದಳು.

"ಬೆವರ್ತಿರೋದು ನೀನು. ಅತ್ಲಾಗಿ ಸರಿ" ಎಂದೆ.

ಅವಳು ಸರಿದಳು. ಅಷ್ಟೇ ನನ್ನ ಪುಣ್ಯ. ಇಕ್ಕಳದಲ್ಲಿ ಮೂಸೆ ಎತ್ತಿ ಬಗ್ಗಿಸಿದೆ. ಮುಕ್ಕಾಲು ಭಾಗ ಲೋಹ ಸದ್ದಿಲ್ಲದೆ ಇಳಿಯಿತು. ಆಮೇಲೆ ಅಚ್ಚಿನೊಳಗೆ ಯಾರೋ ಉಸಿರೆಳೆದುಕೊಂಡ ಹಾಗಾಯಿತು. ಆ ಉಸಿರು ಹೊರಗೆ ಬಂದದ್ದನ್ನು ನಾನು ಈ ಏಳು ವರ್ಷವೂ ಕೇಳುತ್ತಿದ್ದೇನೆ. ಒಲೆಯ ಮೇಲೆ ಒಗ್ಗರಣೆ ಚಟಪಟ ಎಂದರೆ ಸಾಕು, ಅಡುಗೆಮನೆ ಎಷ್ಟೇ ದೂರವಿದ್ದರೂ ಕಾಲು ಒಳಗೆ ಎಳೆದುಕೊಳ್ಳುತ್ತೇನೆ. ಲೋಹ ನನ್ನ ಎಡಪಾದದ ಮೇಲೆ ಬಿತ್ತು.

ದಂಡು ಆ ದಿನ ನಮ್ಮ ಕೇರಿಗೆ ಬರಲೇ ಇಲ್ಲ.

ಮೂರ್ತಿಯನ್ನು ನಾವು ತಲೆಕೆಳಗಾಗಿ ಎರೆಯುತ್ತೇವೆ. ಪಾದಗಳು ತುಂಬುವುದು ಕೊನೆಗೆ. ಅಚ್ಚು ಒಡೆದಾಗ ಅಮ್ಮನಿಗೆ ಮುಖವಿತ್ತು, ಕೈಗಳಿದ್ದವು, ಪಾದಗಳಿರಲಿಲ್ಲ. ಬಾವಿಯ ಹತ್ತಿರ ಹೆಂಗಸರು "ಅಮ್ಮನ ಕಾಲು ನುಂಗ್ದ, ಅಮ್ಮ ಅವನ ಕಾಲು ನುಂಗಿದ್ಲು" ಎಂದದ್ದು ನನ್ನ ಕಿವಿಗೂ ಬಿತ್ತು. ಸುಳ್ಳೆನ್ನಲು ನನ್ನಲ್ಲಿ ಏನಿತ್ತು?

ನಾಲ್ಕು ತಿಂಗಳಲ್ಲಿ ಗಾಯ ಮಾಯಿತು, ನೋವು ಮಾಯಲಿಲ್ಲ. ಮಾಯ್ದ ಚರ್ಮದ ಕೆಳಗೆ ಕೆಂಡ ಕಟ್ಟಿಟ್ಟ ಹಾಗೆ ಹಗಲೂ ಇರುಳೂ ಉರಿ. ಪಂಚೆಯ ಅಂಚು ತಾಕಿದರೂ ಕಿರಿಚುತ್ತಿದ್ದೆ. ಪಾದಗಳ ನಡುವೆ ಕೆಲಸ ಹಿಡಿದು ಅರ ಉಜ್ಜುವ ನಮ್ಮಂಥವರಿಗೆ ಪಾದವೂ ಒಂದು ಕೈ. ಆ ಕೈ ಹೋಯಿತು.

ಮುತ್ತಿಗೆ ಮುಗಿದ ಮೇಲೆ ಬುಡನ್ ಸಾಬರು ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಹಿರೋಡೆ ದಾಟಿ ಪಟ್ಟಣಕ್ಕೆ ಕರೆದೊಯ್ದರು. ಬಾಡಿಗೆ ಗಾಡಿ ಹೊಡೆಯುವ ಅವರು ನಮ್ಮ ತಂದೆಯ ಕಾಲದಿಂದ ಇದ್ದಿಲು ತಂದು ಹಾಕುತ್ತಿದ್ದವರು. ದಾರಿಯ ಒಂದೊಂದು ಕಲ್ಲಿಗೂ ನಾನು ಕೂಗುತ್ತಿದ್ದೆ.

"ಅರೆ ಆಚಾರ್ರೇ, ನನ್ ಗಾಡಿ ಚಕ್ರಾನೂ ಕಿರ್ರೋ ಅಂತದೆ, ನೀವೂ ಅಂತೀರಿ. ಇರೋದು ಒಂದು ಕುಡ್ಕೆ ಎಣ್ಣೆ. ಯಾರಿಗೆ ಬುಡ್ಲಿ ಯೋಳಿ!"

ನಗಬೇಕೆನಿಸಿತು, ಆಗಲಿಲ್ಲ. ಹರಿಗೋಲಿನಲ್ಲಿ ಕಾವೇರಿ ದಾಟುವಾಗ ಅವರು ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಪಟ್ಟಣದ ಪಂಡಿತರೊಬ್ಬರು ಪಾದ ತಿರುಗಿಸಿ ನೋಡಿ, "ಗಾಯ ಮಾಯ್ದದೆ. ಇನ್ನೆಲ್ಲೀದಯ್ಯ ನೋವು? ಕಾಲಲ್ಲಿಲ್ಲ, ನಿನ್ನ ಅಂಜಿಕೇಲದೆ" ಎಂದರು. ಇನ್ನೊಬ್ಬರು ಅಫೀಮು ಕೊಟ್ಟರು. ಅದರಿಂದ ನೋವು ದೂರ ಸರಿದು ನಿಂತಿತು. ಅದರ ಜೊತೆಗೆ ಹೆಂಡತಿ, ಊಟ, ಬೆಳಗು ಎಲ್ಲವೂ ಅಷ್ಟೇ ದೂರ ಸರಿದು ನಿಂತವು. ಗೌರಮ್ಮ ಆ ಗುಳಿಗೆಗಳನ್ನು ತಿಪ್ಪೆಗೆ ಎಸೆದಳು.

ಮುಂದಿನ ಎರಡು ವರ್ಷಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಉರಿ ಸ್ವಲ್ಪ ತಗ್ಗಿದ ದಿನ, ಇದೇ ಸಮಯವೆಂದು ಬೆಳಗಿನಿಂದ ಬೈಗಿನವರೆಗೆ ಕುಲುಮೆಯ ಮುಂದೆ ಕೂರುತ್ತಿದ್ದೆ. ಮಾರನೆಯ ದಿನ ಏಳಲಾಗುತ್ತಿರಲಿಲ್ಲ. ನಾಲ್ಕು ದಿನ, ಐದು ದಿನ ಗೋಡೆಯ ಕಡೆ ಮುಖ ಮಾಡಿ ಬಿದ್ದಿರುತ್ತಿದ್ದೆ. ಮತ್ತೆ ಸ್ವಲ್ಪ ತಗ್ಗಿದರೆ ಮತ್ತೆ ಅದೇ. ಅಮ್ಮನನ್ನು ಬೇಡುವುದೂ ಹಾಗೆಯೇ. ಇವತ್ತು ತೆಗೆದುಬಿಡು, ಈಗಲೇ ತೆಗೆದುಬಿಡು ಎಂದು ಬೇಡಿ, ತೆಗೆಯದಿದ್ದರೆ ಬೈಯುತ್ತಿದ್ದೆ. ಒಂದು ದಿನ ಗೌರಮ್ಮ ನನಗೆ ಗಾಳಿ ಬೀಸುತ್ತಿದ್ದಾಗ ಬೀಸಣಿಗೆಯ ತುದಿ ಪಾದಕ್ಕೆ ತಾಕಿತು. ಕೈಗೆ ಸಿಕ್ಕ ಇಕ್ಕಳವನ್ನು ಅವಳತ್ತ ಎಸೆದೆ. ಅದು ಅವಳ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು. ಅವಳು ಎದ್ದು ಹೋಗಿ ಅಕ್ಕಿ ಆರಿಸುತ್ತ ಕೂತಳು.

ಆನಂದ ಸಂವತ್ಸರದ ಆಷಾಢದಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದೆ. ಊನವಾದ ಮೂರ್ತಿಯನ್ನು ಪೂಜಿಸಬಾರದು, ನೀರಿಗೆ ಬಿಡಬೇಕು. ಇದು ನಾನು ಓದಿದ ಶಾಸ್ತ್ರ. ಪೂಜಾರಿ ಈರಜ್ಜ ಅದನ್ನು ಕೇಳದೆ ಪಾದವಿಲ್ಲದ ಅಮ್ಮನನ್ನು ಗುಡಿಯೊಳಗೆ ಭತ್ತದ ರಾಶಿಯ ಮೇಲೆ ಕೂರಿಸಿ ನೀರು, ಅರಿಶಿನ, ಊಟ ಎಲ್ಲ ನಡೆಸುತ್ತಿದ್ದ. ಅವಳನ್ನು ಎತ್ತಿಕೊಂಡು ಅತ್ತಿಗುಪ್ಪೆಯ ಕಡೆಗೆ ಹೋಗಿ, ಹೇಮಗಿರಿಯ ಹತ್ತಿರ ತುಂಬಿ ಹರಿಯುವ ಹೇಮಾವತಿಗೆ ಇಳಿಯುವುದೆಂದುಕೊಂಡೆ. ಊನವಾದವರಿಬ್ಬರೂ ಒಟ್ಟಿಗೆ. ಮನೆಯಲ್ಲಿ ಏನೂ ಹೇಳಲಿಲ್ಲ. ಬುಡನ್ ಸಾಬರಿಗೆ ಹೇಮಗಿರಿಯಲ್ಲಿ ಹರಕೆ ಇದೆ ಎಂದಷ್ಟೇ ಹೇಳಿ ಗಾಡಿ ಕಟ್ಟಿಸಿದೆ.

ಗುಡಿಗೆ ಬಂದಾಗ ಬಾಗಿಲು ಹಾಕಿತ್ತು. ಈರಜ್ಜ ಹೊರಗೆ ಕಂಬಕ್ಕೊರಗಿ ಎಲೆ ಮಡಿಸುತ್ತಿದ್ದ. ಅವನ ಮುಂದೆ ಹಂಡೆಯ ನೀರಿನಲ್ಲಿ ಗಳಿಗೆ ಬಟ್ಟಲು ತೇಲುತ್ತಿತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ಆ ತಾಮ್ರದ ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ.

"ಬಾಗ್ಲು ತೆಗಿ ಅಜ್ಜ."

"ಅಮ್ಮ ಮಲಗವಳೆ. ಇನ್ನೂ ಐದು ಬಟ್ಲು ಮುಳುಗ್ಬೇಕು."

"ನನಗೆ ಹೊತ್ತಿಲ್ಲ. ದೂರ ಹೋಗಬೇಕು."

"ದೊರೆ ಬಂದ್ರೂ ತೆಗೆಯಕಿಲ್ಲ, ನೀನ್ಯಾವ ಸೀಮೆ ದೊರೆಲಾ?"

"ಅವಳಿಗೆ ಪಾದವೇ ಇಲ್ಲ. ಅವಳಿಗೆಂಥ ನಿದ್ದೆ, ಎಂಥ ಪೂಜೆ!" ಎಂದು ಕಿರಿಚಿದೆ. ಬಾಗಿಲಿಗೆ ಕೈಯಿಂದ ಗುದ್ದಿದೆ. ಆ ರಭಸಕ್ಕೆ ಎಡಗಾಲು ಊರಿ, ಅಲ್ಲೇ ಕುಸಿದು ಕೂತೆ.

ಈರಜ್ಜ ಎಲೆಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ. ಆಮೇಲೆ ಹೇಳಿದ: "ಕಾಲಿಲ್ದಿದ್ರೆ ದಣಿವಾಗಕಿಲ್ವೇನ್ಲಾ? ಜಗತ್ತಿಗೇ ತಾಯಿ ಅವಳು. ಅವಳಿಗೇ ಮದ್ಯಾನ ಬಾಗ್ಲಾಕ್ತೀವಿ. ಜನ ಇದ್ರೂ ಆಕ್ತೀವಿ, ಇಲ್ದಿದ್ರೂ ಆಕ್ತೀವಿ. ನೀನು ಓದ್ದೋನು, ನಿಂಗೆ ಒಂದು ಬಾಗ್ಲೂ ಇಲ್ವೇನ್ಲಾ ಮಗ?"

ಬೇರೆ ದಾರಿಯಿಲ್ಲದೆ ಗುಡಿಯ ಜಗಲಿಯ ಮೇಲೆ ಮಲಗಿದೆ. ಬಟ್ಟಲು ಮುಳುಗುವುದು, ಅಜ್ಜ ಅದನ್ನು ಎತ್ತಿ ಮತ್ತೆ ತೇಲಿಬಿಡುವುದು, ಇದನ್ನೇ ನೋಡುತ್ತಿದ್ದೆ. ಅಪಘಾತದ ದಿನದಿಂದ ನಾನು ಕೆಲಸಕ್ಕೆ ಓಡಿದ್ದೆ, ಇಲ್ಲವೇ ಕೆಲಸವಾಗದೆ ಬಿದ್ದಿದ್ದೆ. ಬೀಳುವ ಮೊದಲೇ ಮಲಗಿದ್ದು ಅದೇ ಮೊದಲು. ಮೂರನೆಯ ಬಟ್ಟಲಿಗೆ ಅಳು ಬಂತು. ನಾಲ್ಕನೆಯದಕ್ಕೆ ನಿದ್ದೆ ಬಂತು.

ಎಚ್ಚರವಾದಾಗ ಬಾಗಿಲು ತೆರೆದಿತ್ತು. ಪಾದ ಉರಿಯುತ್ತಿತ್ತು, ಆದರೆ ಕೆಂಡದ ಮೇಲೆ ಬೂದಿ ಕೂತ ಹಾಗಿತ್ತು. ಒಳಗೆ ಅಮ್ಮ ಭತ್ತದ ಮೇಲೆ ಕೂತಿದ್ದಳು. ಪಾದವಿಲ್ಲದ ಅವಳನ್ನು ಅದುವರೆಗೆ ನಾನು ನೆಟ್ಟಗೆ ನೋಡಿರಲಿಲ್ಲ. ನೋಡಿದೆ. ಎತ್ತಿಕೊಳ್ಳಲು ಕೈ ಬರಲಿಲ್ಲ.

ಗಾಡಿಯ ಹತ್ತಿರ ಬಂದೆ. ಬುಡನ್ ಸಾಬರು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು. ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ಹುಲ್ಲಿನ ಹೊರೆ ಕೆಳಗಿಟ್ಟರು. "ಏಮಗಿರಿಗೋ, ಮನೆಗೋ?" ಎಂದರು. ಅವರಿಗೆ ಎಲ್ಲ ತಿಳಿದಿತ್ತೆಂದು ಆಗ ನನಗೆ ಹೊಳೆಯಿತು. "ಮನೆಗೆ" ಎಂದೆ. "ಯಾ ಅಲ್ಲಾ" ಎಂದು ಅವರು ಮುಖ ಒರೆಸಿಕೊಂಡರು.

ಮನೆಗೆ ಬಂದು ನಾನು ಮೊದಲು ಬಡಿದು ಮಾಡಿದ್ದು ಒಂದು ಗಳಿಗೆ ಬಟ್ಟಲು. ಎರಡು ಬಟ್ಟಲು ಮುಳುಗುವಷ್ಟು ಕೆಲಸ, ಒಂದು ಬಟ್ಟಲು ಮಲಗುವುದು. ಕಾಲು ಸುಮ್ಮನಿದ್ದ ದಿನವೂ ಅಷ್ಟೇ, ಸುಡುವ ದಿನವೂ ಅಷ್ಟೇ. ಮಧ್ಯಾಹ್ನ ಬಾಗಿಲು ಹಾಕುವುದು. ಪಾದಕ್ಕೆ ಹತ್ತಿ ತುಂಬಿದ ಚೀಲ. ಎಷ್ಟೋ ಸಲ ಮಲಗಬೇಕಾದ ಮೂರನೆಯ ಬಟ್ಟಲನ್ನು ಕೆಲಸಕ್ಕೆಂದು ಕದ್ದೆ, ಕದ್ದಾಗಲೆಲ್ಲ ಅನುಭವಿಸಿದೆ. ನೋವು ಹೋಗುವುದಿಲ್ಲವೆಂದು ತಿಳಿದು ಅಳುತ್ತ ಕೂತ ದಿನಗಳನ್ನು ಲೆಕ್ಕವಿಟ್ಟಿಲ್ಲ. ಈಗಲೂ ಅಂಥ ದಿನಗಳಿವೆ. ಆದರೆ ಗೌರಮ್ಮನ ಕಡೆಗೆ ಮತ್ತೆ ಕೈ ಎತ್ತಲಿಲ್ಲ. ಬೆರಳಷ್ಟು ಬೆರಳಷ್ಟೇ ಮೇಣ ತಿದ್ದಿ, ನಾಲ್ಕೂವರೆ ವರ್ಷದಲ್ಲಿ ಅಮ್ಮನ ಹೊಸ ರೂಪ ಮುಗಿಸಿದೆ. ಹಿಂದೆ ಒಂದು ತಿಂಗಳಿಗೆ ಮುಗಿಸುತ್ತಿದ್ದ ಕೆಲಸ ಅದು.

ಈ ಸಿದ್ಧಾರ್ಥಿ ಸಂವತ್ಸರದ ಚೈತ್ರದಲ್ಲಿ, ಈರಜ್ಜನ ಅಪ್ಪಣೆ ಪಡೆದು, ಪಾದವಿಲ್ಲದ ಮೂರ್ತಿಯನ್ನು ಮೂಸೆಗೆ ಇಳಿಸಿದೆ. ಆ ವಾರವೇ ಪಟ್ಟಣದ ಕಡೆಯಿಂದ ಫಿರಂಗಿ ಮತ್ತೆ ಕೇಳಿಸಿತು. ಪುಟ್ಟಾಚಾರಿ ಮತ್ತೆ ಓಡಿಬಂದ.

"ಬಾವ, ಈ ಸಲ ದಿಟವಾಗ್ಲೂ ಬತ್ತಾವ್ರೆ. ಕೇರಿ ಅರ್ಧ ಖಾಲಿ. ಉಯ್ದ್ಬುಡು!"

ನನ್ನ ಪಾದದಲ್ಲಿ ಬೆಂಕಿಯೆದ್ದಿತು. ಅದೇ ಮಾತು, ಅದೇ ಕುಲುಮೆ. ಅಚ್ಚಿನೊಳಗಿನ ಆ ಉಸಿರು ಕಿವಿಯಲ್ಲಿತ್ತು. ಮೂಸೆಯಲ್ಲಿದ್ದದ್ದು ಅಮ್ಮನೇ. ಅವಳನ್ನು ಯಾರಾದರೂ ಹೊತ್ತೊಯ್ದರೆ ಏನೂ ಉಳಿಯುವುದಿಲ್ಲ. ಗೌರಮ್ಮ ಅಚ್ಚಿನ ಬಾಯಿಗೆ ತಟ್ಟೆ ಹಿಡಿದಳು, ತಿರುಗಿಸಿ ನೋಡಿದಳು. ನನ್ನನ್ನೇ ನೋಡುತ್ತ ನಿಂತಳು.

"ಹೇಳು" ಎಂದೆ.

"ಬೆವರ್ತಾ ಅದೆ."

"ಹಾಗಾದರೆ ಇವತ್ತಿಲ್ಲ."

"ನಾಳೆ ನೀನೇ ಇರಕಿಲ್ಲ ಕಣ್ ಬಾವ!" ಎಂದು ಪುಟ್ಟಾಚಾರಿ ತಲೆ ಚಚ್ಚಿಕೊಂಡ. ಹೊತ್ತು ನೆತ್ತಿಗೆ ಬಂದಿತ್ತು. ಗೌರಮ್ಮ ಬಾಗಿಲು ಹಾಕಿದಳು. ಅವನು ಹೊರಗೆ ಬಾಗಿಲು ಬಡಿಯುತ್ತಿದ್ದ. ದೂರದಲ್ಲಿ ಫಿರಂಗಿಯೂ ಬಡಿಯುತ್ತಿತ್ತು. ನಾನು ಮಲಗಿದೆ. ನಿದ್ದೆ ಬರಲಿಲ್ಲ, ಆದರೂ ಮೂರು ಬಟ್ಟಲು ಮುಳುಗುವವರೆಗೆ ಏಳಲಿಲ್ಲ.

ಮರುದಿನವೂ ತಟ್ಟೆ ಬೆವರಿತು. ಮೂರನೆಯ ದಿನ ಅದರಲ್ಲಿ ಗೌರಮ್ಮನ ಮುಖ ಮಸುಕಿಲ್ಲದೆ ಕಂಡಿತು. ಅಲ್ಲಿಯವರೆಗೆ ಯಾವ ದಂಡೂ ಬರಲಿಲ್ಲ. ಪೀಠದ ಮೇಲೆ ಕೂತು, ಕಾಲನ್ನು ಚೀಲದ ಮೇಲಿಟ್ಟು, ಹೊಯ್ದೆ. ಲೋಹ ಕೊನೆಯ ತೊಟ್ಟಿನವರೆಗೆ ಸದ್ದಿಲ್ಲದೆ ಇಳಿಯಿತು.

ತಲೆಕೆಳಗಾಗಿ ಎರೆದ ಮೂರ್ತಿಯಲ್ಲಿ ಮಣ್ಣು ಒಡೆದಾಗ ಮೊದಲು ಕಾಣುವುದು ಪಾದ. ಎರಡೂ ಇದ್ದವು, ಹತ್ತು ಬೆರಳೂ ಇದ್ದವು. ಈಗ ನಡೆಯಲಾಗದ ಈರಜ್ಜನನ್ನು ಎತ್ತಿಕೊಂಡು ಬಂದು ತೋರಿಸಿದೆವು. ಅವನು ಮುಟ್ಟಿ, "ಬಿಸಿ ಅದೆ ಕಣ್ಲಾ" ಎಂದ. ನಾನು "ನನ್ನದೂ" ಎಂದೆ. ಅವನು ನಕ್ಕ.

ನೋವನ್ನು ತೆಗೆಯೆಂದು ಬೇಡಿದ್ದೆ, ಅಮ್ಮ ತೆಗೆಯಲಿಲ್ಲ. ನನ್ನನ್ನು ನೀರಿಗೆ ಬಿಡಲೂ ಇಲ್ಲ. ನಿಮ್ಮಲ್ಲಿ ಯಾರಿಗಾದರೂ ಮಾಯದ ನೋವಿದ್ದರೆ, ಅವಳ ಗುಡಿಗೆ ಮಧ್ಯಾಹ್ನ ಹೋಗಿ, ಬಾಗಿಲು ಹಾಕಿರುವಾಗಲೇ ಹೋಗಿ ಎಂದು ಕೈಮುಗಿದು ಕೇಳುತ್ತೇನೆ. ಇನ್ನೂ ಬರೆಯುವುದಿತ್ತು. ಒಳಗಿನಿಂದ ಗೌರಮ್ಮ "ಬಟ್ಲು ಮುಳುಗ್ತು ಕಣ್ರೀ" ಎಂದು ಕೂಗುತ್ತಿದ್ದಾಳೆ. ಬಾಗಿಲು ಹಾಕುತ್ತೇನೆ.