ಗೊಲ್ಲಾಳಮ್ಮನ ಹನ್ನೊಂದು ಒಡಪು

ಹುಣಸಗಿ ಕಡೆಯ ಕಾಲುವೆಗೆ ಮೂವತ್ತು ವರ್ಷ ನೀರು ಬಿಟ್ಟ ಲಿಂಗಣ್ಣ ಮಾತಿನಲ್ಲಿ ಮಹಾ ಜಿಪುಣ. ಹೆಂಡತಿ ಗೊಲ್ಲಾಳಮ್ಮ ಅವನನ್ನು ಕರೆಯುತ್ತಿದ್ದದ್ದು 'ಏನ್ರಿ' ಎಂದೇ. ಗಂಡನ ಹೆಸರು ಹೇಳಬಾರದಲ್ಲ. ಹೇಳಿದರೆ ಒಡಪಿನಲ್ಲಿ ಮಾತ್ರ, ಪದ ಕಟ್ಟಿ, ಕೊನೆಗೆ ಹೆಸರು ಸೇರಿಸಿ. ಮದುವೆಯ ದಿನ ಅವಳು ನಾಚಿ ಬಾಯಿಯೇ ಬಿಡಲಿಲ್ಲ. ಆಮೇಲೆ ಕುಬಸ, ತೊಟ್ಟಿಲು ಎಂದು ಹೆಂಗಸರು ಕೂಡಿದಲ್ಲೆಲ್ಲ ಧಾರಾಳವಾಗಿ ಹೇಳಿದಳು. ಅಲ್ಲಿ ಗಂಡಸರಿಗೇನು ಕೆಲಸ? ಪಾಪ, ಅವಳ ಬಾಯಿಂದ ಅವನ ಹೆಸರು ಅವನ ಕಿವಿಗೇ ಬೀಳಲಿಲ್ಲ.

ಅವಳು ತೀರಿಕೊಂಡ ಮೇಲೆ ಮಗಳು ಉಮಾ, ಸುರಪುರದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವ್ವ ಹೇಳಿ ಬರೆಸಿದ್ದ ಹನ್ನೊಂದು ಒಡಪುಗಳನ್ನು ಒಂದು ವೆಬ್ ಪುಟಕ್ಕೆ ಏರಿಸಿದಳು. ಒಂದು ಒಡಪಿಗೆ ಒಂದೇ ಸಾಲು. ಅವ್ವ ಉಸಿರು ತೆಗೆದುಕೊಂಡಲ್ಲಿ ಬಿಟ್ಟ ಜಾಗವೂ ಉಳಿಯಲಿ ಎಂದು, ಟೈಪ್ ಮಾಡಿದ್ದು ಹಾಗೆಯೇ ನಿಲ್ಲುವಂತೆ, ಸಾಲು ಎಲ್ಲಿಯೂ ಮುರಿಯದಂತೆ ಮಾಡಿದಳು. ಅಂಗಡಿಯ ದೊಡ್ಡ ಪರದೆಯಲ್ಲಿ ಚೆಂದ ಕಂಡಿತು. ಅಪ್ಪನ ಫೋನಿನಲ್ಲಿ ಪುಟ ತೆರೆದುಕೊಟ್ಟು ಕೆಲಸಕ್ಕೆ ಓಡಿದಳು.

ನಾಲ್ಕನೇ ಇಯತ್ತೆ ಓದಿದ್ದ ಲಿಂಗಣ್ಣ ದಿನವೂ ಕಟ್ಟೆಯ ಮೇಲೆ ಕೂತು ಬೆರಳಿಟ್ಟು ಓದುತ್ತಿದ್ದ. ಒಂದು ಮುಂಜಾನೆ ಕೇಳಿದ:

"ಉಮಾ, ನಿಮ್ಮವ್ವ ಒಂದರಾಗರೆ ನನ್ನ ಹೆಸರು ತಗೊಂಡಿಲ್ಲೇನು?"

"ಎಲ್ಲಾದರಾಗೂ ಐತಿ ಯಪ್ಪಾ. ಸಮ ಓದು," ಎಂದಳು ಉಮಾ, ಬಸ್ಸಿನ ಅವಸರದಲ್ಲಿ.

"ಇರ್ಲಿ ಬಿಡವ್ವಾ. ಅಕಿ ಜಡ್ಡಿಗೆ ಬಿದ್ದಾಗ ನಾ ಕಾಲುವಿ ಬಿಟ್ಟು ಬರಲಿಲ್ಲ. ಸಿಟ್ಟಿರತೈತಿ."

ಮತ್ತೆ ಕೇಳಲಿಲ್ಲ. ಓದುವುದನ್ನು ಮಾತ್ರ ಬಿಡಲಿಲ್ಲ. ಯುಗಾದಿ ಹತ್ತಿರ ಬಂದಾಗ ಎದೆನೋವು ಬಂದು ಹೋಗಿಬಿಟ್ಟ.

ದಿನಕರ್ಮ ಮುಗಿದ ಮೇಲೆ ಉಮಾ ಅವನ ಫೋನು ತೆರೆದಳು. ಪುಟ ಹಾಗೇ ಇತ್ತು. ಕಣ್ಣು ಮಂಜಾಗಿದ್ದರಿಂದ ಯಾರ ಕೈಲೋ ಅಕ್ಷರ ದೊಡ್ಡದು ಮಾಡಿಸಿಕೊಂಡಿದ್ದ. ಪ್ರತಿ ಸಾಲೂ ಪರದೆಯ ಅಂಚಿಗೆ ಬಂದು ಕತ್ತರಿಸಿಹೋಗಿತ್ತು. ಮೊದಲನೆಯದರಲ್ಲಿ 'ಬಾನಿ ತುಂಬ ನೀರು ತುಂಬಿ, ಬಾಗಿಲದಾಗ ದೀಪ ಹಚ್ಚಿ ಕಾಯ್ತೀನಿ' ಎಂಬುದಷ್ಟೇ ಕಾಣುತ್ತಿತ್ತು. ಯಾರನ್ನು ಎಂಬುದು ಅಂಚಿನಾಚೆ ಇತ್ತು. ಬೆರಳಿನಿಂದ ಪಕ್ಕಕ್ಕೆ ಸರಿಸಬೇಕೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು? ಉಮಾಗೆ ತನ್ನ ಮೇಲೆಯೇ ಹೇಸಿಗೆ ಬಂತು.

ಅಂಗಡಿಗೆ ಹೋಗಿ, ಸಾಲಿನ ಅಗಲ ಪರದೆಯನ್ನು ಮೀರದಂತೆ, ಹೆಚ್ಚಾದದ್ದು ಕೆಳಗಿಳಿಯುವಂತೆ ಪುಟವನ್ನು ತಿದ್ದಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಅಪ್ಪನ ಫೋನಿನಲ್ಲಿ ಹನ್ನೊಂದು ಸಾಲೂ ಮಡಿಚಿಕೊಂಡವು, ಹನ್ನೊಂದು ಸಲ 'ಲಿಂಗಣ್ಣ' ಎಂದು ಬಂತು. ಮೊದಲನೆಯದನ್ನು ಗಟ್ಟಿಯಾಗಿ ಓದಲು ಹೋದಳು. 'ಸಮ ಓದು' ಎಂದು ತಾನೇ ಅಪ್ಪನಿಗೆ ಹೇಳಿದ್ದು ನೆನಪಾಯಿತು. ಅವನ ಹಾಗೆಯೇ ಸಾಲಿನ ಮೇಲೆ ಬೆರಳಿಟ್ಟು, ಕೊನೆಯ ಹೆಸರಿನವರೆಗೂ ಸರಿಸಿದಳು.