ಎರಡು ಫೋನುಗಳಲ್ಲಿ ಅಮ್ಮ

ನನ್ನ ಗಂಡನೂ ತಮ್ಮನೂ ಒಂದೇ ಹಬ್ಬದ ರಿಯಾಯಿತಿಯಲ್ಲಿ ಹೊಸ ಫೋನು ಕೊಂಡರು. ಬೆಲೆ ಹೆಚ್ಚುಕಡಿಮೆ ಒಂದೇ, ಕಂಪನಿ ಬೇರೆ. ಗಂಡ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರ ಮೇಸ್ತ್ರಿ. ತಮ್ಮ ಮಡಕಶಿರದಲ್ಲಿ ಅಮ್ಮನ ಜೊತೆ ರೇಷ್ಮೆಹುಳು ಸಾಕಿಕೊಂಡಿದ್ದವನು. ಇಬ್ಬರಿಗೂ ದೊಡ್ಡ ಫೋನಿನ ಆಸೆಯಿತ್ತು, ಕೈಗೆಟುಕಿದ್ದು ಇದು. ಅದಕ್ಕೇ ಇರಬೇಕು, ತಾನು ಆರಿಸಿದ್ದೇ ಸರಿ ಎಂದು ಇನ್ನೊಬ್ಬರ ಬಾಯಲ್ಲಿ ಹೇಳಿಸುವವರೆಗೆ ಇಬ್ಬರಿಗೂ ಸಮಾಧಾನವಿರಲಿಲ್ಲ.

ಆ ಸಲ ತವರಿಗೆ ಹೋದಾಗ ಬ್ಯಾಗು ಇಳಿಸುವ ಮೊದಲೇ ವಾದ ಶುರುವಾಯಿತು.

"ನಂದ್ರಲ್ಲೇ ಕ್ಯಾಮೆರಾ ಚೆನ್ನಾಗಿರೋದು ಭಾವ. ತೆಲುಗು ವಿಡಿಯೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರ್ಸವ್ನೆ," ಎಂದ ತಮ್ಮ.

"ಅವಗ ಕಂಪನಿಯವ್ರು ಫೋನು ಪುಕ್ಕಟೆ ಕೊಟ್ಟಿರ್ತಾರಪ. ಉಪ್ಪು ತಿಂದ ಮ್ಯಾಲ ಬೈತಾನೇನು?" ಎಂದರು ಗಂಡ.

"ನೀವು ನೋಡಿದ ಕನ್ನಡದೋನೇನು ಕರ್ಪೂರ ಹಚ್ಚಿ ಪ್ರಮಾಣ ಮಾಡವ್ನಾ?"

ಯಾರ ಮಾತೂ ಬೇಡ, ನಾವೇ ಪರೀಕ್ಷೆ ಮಾಡೋಣ ಎಂದಾಯಿತು. ಪರೀಕ್ಷೆಗೊಂದು ಮುಖ ಬೇಕಿತ್ತು. ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಅಮ್ಮನನ್ನು ಕರೆತಂದು ಅಂಗಳದ ಕಲ್ಲಿನ ಮೇಲೆ ಕೂರಿಸಿದರು. ಹಿಂದೆ ಕೋಟೆಬೆಟ್ಟ ಕಾಣಬೇಕೆಂದು ಒಬ್ಬರು, ಬೆಟ್ಟ ಬಂದರೆ ಮುಖ ಕಪ್ಪಾಗುತ್ತದೆಂದು ಇನ್ನೊಬ್ಬರು. ಕೊನೆಗೆ ಒಂದೇ ಜಾಗ, ಒಂದೇ ಬೆಳಕು, ಒಂದೇ ದೂರ ಎಂದು ನಿಯಮ ಮಾಡಿಕೊಂಡರು. ತಮ್ಮ ಮೊದಲು ತೆಗೆದ. ಗಂಡ ತೆಗೆಯುವ ಹೊತ್ತಿಗೆ ಮೋಡ ಅಡ್ಡ ಬಂತು.

"ಇದು ನ್ಯಾಯ ಅಲ್ಲ ಬಿಡು. ಬಿಸಿಲು ಬರ್ಲಿ, ಇಬ್ರೂ ಮತ್ತ ತೆಗಿಯೂಣು."

ಅಮ್ಮ ಬಿಸಿಲು ಬರುವ ತನಕ ಅಲ್ಲೇ ಕೂತಳು.

ಈ ಸಲ ತಮ್ಮನ ಫೋನಿನಲ್ಲಿ ಅಮ್ಮ ಬೆಳ್ಳಗಿದ್ದಳು. ಕೆನ್ನೆ ಹಿಟ್ಟು ಸವರಿದ ಹಾಗೆ ನುಣ್ಣಗಿತ್ತು. ಹುಬ್ಬಿನ ಮೇಲಿನ ಹಳೆಯ ಸುಟ್ಟಗಾಯದ ಗುರುತು ಇರಲೇ ಇಲ್ಲ. "ಬ್ಯೂಟಿ ಆನ್ ಮಾಡಿದೀ ನೀ," ಎಂದು ಗಂಡ ಫೋನು ಕಸಿದು ನೋಡಿದರೆ ಅದು ಸೊನ್ನೆಯಲ್ಲೇ ಇತ್ತು. ಹಾಗಂತ ಗಂಡನ ಫೋನೂ ಸಾಚಾ ಅಲ್ಲ. ಅದು ಸುಕ್ಕುಗಳನ್ನೆಲ್ಲ ಕೊರೆದು ತೋರಿಸಿ, ಗಾಯ ನಿನ್ನೆಯದೇನೋ ಎಂಬಂತೆ ಮಾಡಿ, ಅಮ್ಮನ ಎಣ್ಣೆಗೆಂಪು ಬಣ್ಣವನ್ನು ಮಸಿಗೆ ಇಳಿಸಿತ್ತು. ಇಬ್ಬರೂ ತಂತಮ್ಮ ಫೋನನ್ನು ಅಮ್ಮನ ಕೆನ್ನೆಯ ಪಕ್ಕ ಹಿಡಿದು ನನ್ನನ್ನು ತೀರ್ಪು ಕೇಳಿದರು. ನಾನು ಚಿತ್ರ ನೋಡಿ, ಅಮ್ಮನನ್ನು ನೋಡಿ, "ಎರಡೂ ಸುಳ್ಳು," ಎಂದೆ.

ಅಮ್ಮನೂ ಇಣುಕಿದಳು. "ಇವ್ಳು ಯಾರೋ ಟೀಚರಮ್ಮ ಇದ್ದಂಗವ್ಳೆ. ಇವ್ಳು ನಮ್ಮತ್ತೆ ಇದ್ದಂಗವ್ಳೆ. ನಾನೆಲ್ರಪ್ಪಾ ಇವ್ನಿ?" ಎಂದು ಕೇಳಿ, ನಾವು ನಗುತ್ತಿರುವಾಗಲೇ ಹುಳುಮನೆಯೊಳಗೆ ಹೋದಳು.

ಮುಂದಿನ ಮಳೆಗಾಲ ಹಿಡಿಯುವ ಮೊದಲೇ, ಒಂದು ಬೆಳಿಗ್ಗೆ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಅಮ್ಮ ಸಾಲುಗಳ ನಡುವೆ ಕುಸಿದಳು. ತಮ್ಮ ಆಟೋ ತರುವಷ್ಟರಲ್ಲಿ ಮುಗಿದುಹೋಗಿತ್ತು.

ತಿಥಿಗೆ ಫೋಟೋ ಬೇಕಾಯಿತು. ಮದುವೆ ಆಲ್ಬಮ್ಮುಗಳಲ್ಲೆಲ್ಲ ಅಮ್ಮ ಯಾರದೋ ಭುಜದ ಹಿಂದೆ ಅರ್ಧ ಕಾಣುತ್ತಾಳೆ. ಒಬ್ಬಳೇ ಕೂತು ನೇರವಾಗಿ ನೋಡಿದ್ದು ಆ ದಿನ ಮಾತ್ರ. ಫ್ರೇಮು ಹಾಕುವವನ ಅಂಗಡಿಯಲ್ಲಿ ಎರಡೂ ಫೋನುಗಳನ್ನು ಗಾಜಿನ ಮೇಲೆ ಪಕ್ಕಪಕ್ಕ ಇಟ್ಟೆವು.

"ಭಾವನ ಫೋನಲ್ಲಿರೋದೇ ಹಾಕ್ಸಣ ಕಣಕ್ಕ," ಎಂದ ತಮ್ಮ. "ನಂದ್ರಲ್ಲಿ ಅವ್ಳಿಲ್ಲ."

ಗಂಡ ಬೇಡವೆಂದು ತಲೆಯಾಡಿಸಿದರು. "ನಂದ್ರಾಗ ಅತ್ತಿ ಭಾಳ ಬ್ಯಾನಿ ತಿಂದಂಗ ಕಾಣ್ತಾರಪ. ನಿಂದಾ ಹಾಕು."

ಅಷ್ಟು ಕಾದಾಡಿದವರು ಈಗ ತಂತಮ್ಮ ಫೋನನ್ನು ತಾವೇ ಬಿಟ್ಟುಕೊಟ್ಟು ನನ್ನ ಕಡೆ ನೋಡಿದರು. ನಾನು ಚಿತ್ರಗಳಿಂದ ಕಣ್ಣೆತ್ತಿದೆ. ಅಂದು ಹೀಗೆ ಕಣ್ಣೆತ್ತಿದಾಗ ಎದುರಿಗೆ ಅಮ್ಮನೇ ಇದ್ದಳು, ಯಾವುದು ಎಷ್ಟು ತಪ್ಪು ಎಂದು ಹೇಳುವುದು ಸುಲಭವಿತ್ತು. ಈಗ ಗೋಡೆ ತುಂಬ ಖಾಲಿ ಚೌಕಟ್ಟುಗಳಿದ್ದವು. ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ.

"ಎರಡ್ನೂ ಕಲ್ಸಿ ನಡುವಿನ ಬಣ್ಣ ಮಾಡ್ಕೊಡ್ಲಾ ಅಕ್ಕಾ?" ಎಂದು ಅಂಗಡಿಯವನು ಕೇಳಿದ. ಮೂವರೂ ಒಟ್ಟಿಗೇ ಬೇಡವೆಂದೆವು. ಆಮೇಲೆ ನಮ್ಮ ಚಿಕ್ಕಮ್ಮ ಬಂದು, ಬೆಳ್ಳಗಿರುವುದನ್ನು ತೋರಿಸಿ, "ಇದ್ರಾಗೆ ಎಷ್ಟು ಲಕ್ಷಣವಾಗವ್ಳೆ ನೋಡು," ಎಂದಳು. ಅದಕ್ಕೇ ಹಾರ ಬಿತ್ತು.

ರಾಯದುರ್ಗಕ್ಕೆ ಮರಳಿದ ಮೇಲೆ, ಬಟ್ಟೆ ಮಡಚುತ್ತಲೋ ಅಕ್ಕಿ ಆರಿಸುತ್ತಲೋ ಅಮ್ಮನನ್ನು ನೆನೆಸಿಕೊಂಡರೆ ಮೊದಲು ಬರುತ್ತಿದ್ದುದು ಹಾರದೊಳಗಿನ ಮುಖ. ಆ ಮುಖಕ್ಕೆ ನಾನೇ ಗಾಯವನ್ನು ಇಡಬೇಕು, ಸುಕ್ಕು ಎಳೆಯಬೇಕು. ಕೆಲಸದ ನಡುವೆ ಗಮನ ಜಾರಿದರೆ ಅದು ಮತ್ತೆ ನುಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ಹಾಗೇ ಒರಗಿದ್ದಾಗ ಕನಸಿನಲ್ಲಿ ಅಮ್ಮ ಬಂದಳು. ಬಾಗಿಲಲ್ಲಿ ನಿಂತು ನೀರು ಕೇಳಿದಳು. ದನಿ ಅವಳದೇ, ಮುಖ ಫೋನಿನದು. "ಯಾರು ಬೇಕಾಗಿತ್ತು?" ಎಂದು ನಾನು ಕೇಳಿಬಿಟ್ಟೆ. ಎದ್ದು ಗಂಡನಿಗೆ ಹೇಳಿದೆ. ಕನಸು ಬಿಡು ಎನ್ನುತ್ತಾರೆಂದುಕೊಂಡಿದ್ದೆ. ಅವರು, "ನನಗೂ ಹಂಗಾ ಬರ್ತಾರ," ಎಂದರು.

ಈಚೆಗೆ ತಮ್ಮನ ಫೋನು ಕೆಟ್ಟು, ಹೊಸದು ಕೊಳ್ಳಲು ಅವನು ಹಿಂದೂಪುರಕ್ಕೆ ಹೋಗಿದ್ದ. ಅಂಗಡಿಯ ಹುಡುಗಿ, ನೀವೇ ಹೋಲಿಸಿ ನೋಡಿ ಎಂದು ಎರಡು ಫೋನುಗಳಲ್ಲಿ ಅವನ ಚಿತ್ರ ತೆಗೆದು ಮುಂದಿಟ್ಟಳಂತೆ. ಅವನು ಬರಿಗೈಲಿ ಬಸ್‌ಸ್ಟ್ಯಾಂಡಿಗೆ ಬಂದು, ಯಾರದೋ ಫೋನು ಇಸಕೊಂಡು ನನಗೆ ಕರೆ ಮಾಡಿದ.

"ಅಕ್ಕಾ, ಒಂದ್ರಲ್ಲಿ ನನ್ ಮಕ ಬೆಳ್ಳಗೆ ನುಣ್ಣಗೆ ಮಾಡ್ಬಿಟ್ಟಿತ್ತು. ನೋಡಿದ್ರೆ ಗೋಡೆ ಮೇಲಿರೋ ಅಮ್ಮ. ಅದೇ ಕಣ್ಣು, ಅದೇ ಕೆನ್ನೆ. ನನ್ನೇ ನೋಡ್ತಿದ್ಲು."

"ಅಳಿಸಿಬಿಟ್ಟೆಯಾ?"

"ಇಲ್ಲ. ಅಳ್ಸೋಕೆ ಕೈ ಬರ್ಲಿಲ್ಲ. ಅಂಗಡೀಲಿ ತೋರ್ಸಕ್ಕೆ ಅಂತ ಇಟ್ಟಿರೋ ಫೋನು ಅದು. ಅದ್ರಲ್ಲೇ ಐತೆ."

ಅವನ ಹಿಂದೆ ಮಡಕಶಿರ, ಮಡಕಶಿರ ಎಂದು ಕಂಡಕ್ಟರು ಕೂಗುತ್ತಿದ್ದ. ನಾನು ಬಸ್ಸು ಹತ್ತು ಎಂದೆ.