ಪುಷ್ಪಾವತಿಯ ಡೊಂಬಿವಲಿ ಸಾಲು

ಸಾನಪಾಡಾದ ಮನೆಯಲ್ಲಿ ಪುಷ್ಪಾವತಿ ದೋಸೆ ಹುಯ್ಯುತ್ತ ಮೊಬೈಲ್ ನೋಡುತ್ತಿದ್ದಳು. ಕನ್ನಡ ಸಂಘದ ಕಾರ್ಯದರ್ಶಿ ಹೃಷಿಕೇಶ್ ಅಂದಿನ ಸ್ಟೇಟಸ್‌ನಲ್ಲಿ ಸೂರ್ಯೋದಯದ ಚಿತ್ರ ಹಾಕಿದ್ದ. ಅದರ ಮೇಲೆ ಹೀಗೆ ಬರೆದಿತ್ತು: 'ಸಂಸಾರವೆಂಬ ರೈಲಿನಿಂದ ಇಳಿಯಲು ಶ್ರದ್ಧೆಯೆಂಬ ಬಾಗಿಲಿಗೆ ಬಾ, ಮಿಕ್ಕದ್ದನ್ನು ಗುರು ನೋಡಿಕೊಳ್ಳುತ್ತಾನೆ.' ಕೆಳಗೆ ಯಾವನೋ ಸ್ವಾಮಿಯ ಹೆಸರು.

ದೋಸೆ ಸೀದಿತು. ಅದು ಅವಳ ಸಾಲು! ಅದನ್ನು ಯಾರೋ ಸ್ನಾನ ಮಾಡಿಸಿ ವಿಭೂತಿ ಹಚ್ಚಿ ಕೂರಿಸಿದ್ದರು.

ತೊಂಬತ್ತೆರಡರಲ್ಲಿ ಅವಳು ಠಾಣೆಯ ಒಂದು ಸಂಶೋಧನಾ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದಳು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನಡಿ ನಾಲ್ಕು ಸಾಲು ಬರೆದಿಡಬಹುದಿತ್ತು. ಯಾರಾದರೂ ಆ ಹೆಸರು ಹುಡುಕಿದರೆ ಆ ಸಾಲುಗಳು ಅವರ ಪರದೆಯ ಮೇಲೆ ಮೂಡುತ್ತಿದ್ದವು. ಎಲ್ಲಿದ್ದೇನೆ, ಯಾವಾಗ ಬರುತ್ತೇನೆ ಎಂದು ತಿಳಿಸಲು ಕೊಟ್ಟ ಜಾಗ. ಜನ ಅಲ್ಲಿ ತಮಾಷೆ, ವೇದಾಂತ ಎರಡನ್ನೂ ತುಂಬಿದರು. ಕನ್ನಡ ಲಿಪಿ ಇರಲಿಲ್ಲ. ಪುಷ್ಪಾವತಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದ್ದಳು: 'ಡೊಂಬಿವಲಿಯಲ್ಲಿ ಇಳಿಯುವುದಕ್ಕೂ ಮೋಕ್ಷಕ್ಕೂ ಒಂದೇ ದಾರಿ. ಹೇಗಾದರೂ ಬಾಗಿಲ ತನಕ ಬನ್ನಿ. ಮಿಕ್ಕದ್ದನ್ನು ಹಿಂದಿನವರು ನೋಡಿಕೊಳ್ಳುತ್ತಾರೆ.'

ದಿನಾ ಸಂಜೆ ಡೊಂಬಿವಲಿಯ ಮನೆಗೆ ಮರಳುವಾಗ ಕಿಕ್ಕಿರಿದ ಲೋಕಲ್‌ನಲ್ಲಿ ಬೆನ್ನಿಗೆ ಮೊಣಕೈ ತಿಂದು ಸಂಪಾದಿಸಿದ ಜ್ಞಾನ ಅದು. ಅದೇ ಜಾಲದಲ್ಲಿದ್ದ ಬೆಂಗಳೂರಿನ ಕಚೇರಿಯವರೂ ಅದನ್ನು ಓದಿ, ನಕಲು ಮಾಡಿ, ಒಬ್ಬರಿಗೊಬ್ಬರು ಕಳಿಸಿದ್ದರು. ಮೂವತ್ತು ವರ್ಷ ದುಡಿದರೂ ಅವಳನ್ನು ಜನ ಗುರುತಿಸಿದ್ದು ಆ ಒಂದು ಸಾಲಿಗೆ.

ಅವಳು ಹೃಷಿಕೇಶನಿಗೆ ಫೋನ್ ಮಾಡಿದಳು.

"ಅಯ್ಯೋ ಮೇಡಮ್, ಅದು ಫಾರ್ವರ್ಡ್ ಬಂದಿದ್ದು. ಯಾರು ಬರೆದ್ರೆ ಏನು, ಅರ್ಥ ಚೆನ್ನಾಗಿದ್ಯಲ್ಲಾ?"

"ಎಂತ ಅರ್ಥ? ಹಿಂದಿನಿಂದ ದೂಡುವವರು ಇದ್ದಲ್ಲಿ ಗುರುವನ್ನು ತಂದು ನಿಲ್ಲಿಸಿದ್ದಾರೆ. ಡೊಂಬಿವಲಿಯೇ ಇಲ್ಲ!"

"ನೀವೇ ಬರೆದಿದ್ದು ಅನ್ನೋದಕ್ಕೆ ಏನಾದ್ರೂ ಪ್ರೂಫ್ ಇದ್ಯಾ ಮೇಡಮ್?"

ಏನಿದೆ? ಆ ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಕಚೇರಿ ಇದ್ದಲ್ಲಿ ಈಗ ಇಪ್ಪತ್ತೆರಡು ಮಹಡಿಯ ಟವರು. ಮಗಳು ಪ್ರಕೃತಿ, "ಮಮ್ಮೀ, ಛೋಡೋ ನಾ, ಒಂದು ಸ್ಟೇಟಸ್‌ಗೆ ಇಷ್ಟು ಟೆನ್ಶನ್?" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟಳು. ಸ್ಟೇಟಸ್ ಅಲ್ಲ ಅದು ಎಂದು ಹೇಳುವಷ್ಟರಲ್ಲಿ ಲಿಫ್ಟ್ ಇಳಿದಿತ್ತು.

ಸಾಕ್ಷಿಗೆ ಉಳಿದವರು ಮಧ್ವರಾಜರೊಬ್ಬರೇ. ಆಗ ಪಕ್ಕದ ಮೇಜಿನಲ್ಲಿದ್ದವರು, ಈಗ ಅದೇ ಸಂಘದ ಹಿರಿಯ ಸದಸ್ಯರು. ಫೋನಿನಲ್ಲಿ ವಿಷಯ ಕೇಳಿ ಅವರು ಖುಷಿಯಾದರು.

"ನೆನಪುಂಟು, ನೆನಪುಂಟು! ಆದರೆ ಅದು ನಾನು ಬರೆದದ್ದಲ್ವಾ?"

ಪುಷ್ಪಾವತಿಗೆ ಮೈಯೆಲ್ಲ ಉರಿಯಿತು. "ನಿಮ್ಮ ಮನೆ ಇದ್ದದ್ದು ಕೋಪರಿಯಲ್ಲಿ. ನೀವು ಆಫೀಸಿಗೆ ನಡೆದುಕೊಂಡು ಬರುತ್ತಿದ್ದವರು. ಡೊಂಬಿವಲಿಯಲ್ಲಿ ಇಳಿಯುವುದು ನಿಮಗೆಂತ ಗೊತ್ತು?"

"ಅದು ಹೌದು ಮಾರಾಯ್ರೆ," ಎಂದರು ಮಧ್ವರಾಜರು. "ಇಷ್ಟು ವರ್ಷ ಹೇಳಿ ಹೇಳಿ ನನ್ನದೇ ಅಂತ ಆಗಿಹೋಯ್ತು. ಸಂಘದ ಗ್ರೂಪಿನಲ್ಲಿ ನಾನೇ ಬರೀತೇನೆ, ಬಿಡಿ."

ಮಾತು ಉಳಿಸಿಕೊಂಡರು. ಮೂಲ ಸಾಲನ್ನು ಪೂರ್ತಿ ಬರೆದು, ಇದು ನಮ್ಮ ಪುಷ್ಪಾವತಿಯವರದ್ದು, ತೊಂಬತ್ತೆರಡನೆಯ ಇಸವಿಯದ್ದು ಎಂದು ಸೇರಿಸಿದರು. ಅವಳು ಫೋನ್ ಹಿಡಿದೇ ಕೂತಳು. ಆರು ಜನ ಕೈಮುಗಿದರು. ಅಷ್ಟರಲ್ಲಿ ಯಾರದೋ ಹುಟ್ಟುಹಬ್ಬ ಬಂತು; ಕೇಕುಗಳ ರಾಶಿಯಡಿ ಅವಳ ಸಾಲು ಹೂತುಹೋಯಿತು.

ಮರುದಿನ ಹೃಷಿಕೇಶ್ ಸ್ಟೇಟಸ್ ತಿದ್ದಿ ಮತ್ತೆ ಹಾಕಿದ್ದ. ಡೊಂಬಿವಲಿ ಮರಳಿತ್ತು, ದೂಡುವವರೂ ಮರಳಿದ್ದರು. ಹಿಂದೆ ಅದೇ ಸೂರ್ಯೋದಯ. ಕೆಳಗೆ ದಪ್ಪ ಅಕ್ಷರದಲ್ಲಿ: ಮಧ್ವರಾಜ, ಹಿರಿಯ ಸದಸ್ಯರು.

ಪುಷ್ಪಾವತಿ ಹೃಷಿಕೇಶನ ನಂಬರು ಒತ್ತಿದಳು. ಎಂಗೇಜು. ಕುರ್ಚಿ ಎಳೆದು ಕೂತು ಮತ್ತೆ ಒತ್ತಿದಳು.